ಬೂಟ್ ಲಾಗ್‌ನಲ್ಲಿ ಏಳು ಬ್ಯಾಡ್ ಬ್ಲಾಕ್ ತೋರಿಸ್ತಿದೆ, ಚಿಪ್ ಹೋಯ್ತಾ ಸರ್?

ಪ್ರಶ್ನೆ (ಮೂಡಿಗೆರೆ ಕಡೆಯಿಂದ): ನಮಸ್ಕಾರ ಸರ್, ನಮ್ಮ ಹತ್ರದ ಒಂದು ಕಾಫಿ ತೋಟದಲ್ಲಿ ಮಳೆ ಅಳೆಯೋಕೆ ಮತ್ತೆ ಟ್ಯಾಂಕ್ ಲೆವೆಲ್ ನೋಡೋಕೆ ಒಂದು ಚಿಕ್ಕ ಲಿನಕ್ಸ್ ಬೋರ್ಡ್ ಹಾಕಿಕೊಟ್ಟಿದ್ದೆ, 256 ಎಂಬಿ ನ್ಯಾಂಡ್ ಫ್ಲಾಶ್ (ಡೇಟಾ ಉಳಿಯೋ ಮೆಮೊರಿ ಚಿಪ್), ಯುಬಿಐ (ಆ ಚಿಪ್ಪಿನ ಬ್ಲಾಕ್‌ಗಳನ್ನ ನೋಡ್ಕೊಳ್ಳೋ ಪದರ) ಮೇಲೆ ಯುಬಿಐಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್, ಬೆಳಿಗ್ಗೆ ಎಷ್ಟು ಇಂಚು ಎಷ್ಟು ಸೆಂಟ್ ಮಳೆ ಅಂತ ಜಿಎಸ್‌ಎಂ ಮೋಡೆಮ್ ಇಂದ ಸಾವ್ಕಾರ್ರ ಫೋನಿಗೆ ಮೆಸೇಜ್ ಹೋಗುತ್ತೆ. ಎರಡು ವರ್ಷ ಸುಮ್ನೆ ಓಡ್ತಿತ್ತು. ಈ ಸಲ ಮಳೆ ಹಿಡಿದ್ಮೇಲೆ ಕರೆಂಟ್ ಕತೆ ಗೊತ್ತಲ್ಲ, ಬರುತ್ತೆ ಹೋಗುತ್ತೆ ಬರುತ್ತೆ ಹೋಗುತ್ತೆ, ಒಂದಿನ ಬೋರ್ಡ್ ಎದ್ದೇಳ್ಲೇ ಇಲ್ಲ. ಸೀರಿಯಲ್ ಕೇಬಲ್ ಹಾಕಿ ನೋಡಿದ್ರೆ 'ಬ್ಯಾಡ್ ಇರೇಸ್‌ಬ್ಲಾಕ್' ಅಂತ ಏಳು ಸಾಲು. ಗಾಬರಿ ಆಗಿ ಯು-ಬೂಟ್ (ಲಿನಕ್ಸ್‌ಗಿಂತ ಮೊದಲು ಏಳೋ ಪ್ರೋಗ್ರಾಮ್) ಇಂದ ಇಮೇಜ್ ಪೂರ್ತಿ ಹೊಸದಾಗಿ ಬರೆದೆ. ಈಗ ಯುಬಿಐ ಎರರ್ ಮೈನಸ್ 74 ಅಂತ ಪುಟಗಟ್ಲೆ ಬರ್ತಿದೆ. ಫ್ರೆಂಡ್ ಒಬ್ಬ ನ್ಯಾಂಡ್ ಸ್ಕ್ರಬ್ ಹೊಡಿ ಎಲ್ಲ ಕ್ಲೀನ್ ಆಗುತ್ತೆ ಅಂತಾನೆ. ಹೊಡೀಲಾ? ಇಲ್ಲ ಚಿಪ್ಪೇ ಚೇಂಜ್ ಮಾಡಿಸ್ಬೇಕಾ, ಹಾಸನದಲ್ಲಿ ಮಾಡ್ತೀರಾ?

ಉತ್ತರ (ಹಾಸನ, ಬೋರ್ಡ್ ಸರ್ವಿಸ್): ಸ್ಕ್ರಬ್ ಹೊಡೀಬೇಡಿ. ಮೊದಲು ಅದು. ಬೇರೆ ಏನ್ ಬೇಕಾದ್ರೂ ಮಾಡಿ, ಅದೊಂದು ಬೇಡ.

ಆ ಏಳು ಸಾಲು ಕಾಯಿಲೆ ಅಲ್ಲ. ನ್ಯಾಂಡ್ ಚಿಪ್ ಫ್ಯಾಕ್ಟರಿಯಿಂದ ಬರೋವಾಗ್ಲೇ ಕೆಲವು ಬ್ಲಾಕ್ (ಒಟ್ಟಿಗೆ ಇರೇಸ್ ಆಗೋ ತುಂಡು) ಕೆಟ್ಟಿರುತ್ವೆ, ಅವರೇ ಟೆಸ್ಟ್ ಮಾಡಿ ಪಕ್ಕದ ಸ್ಪೇರ್ ಜಾಗದಲ್ಲಿ, ಓಓಬಿ ಅಂತಾರಲ್ಲ ಅಲ್ಲಿ, ಗುರುತು ಹಾಕಿ ಕಳಿಸ್ತಾರೆ. ನಿಮ್ಮ 256 ಎಂಬಿ ಚಿಪ್ 128 ಕೆಬಿ ಬ್ಲಾಕಿಂದು ಅಂದ್ರೆ ಒಟ್ಟು 2048 ಬ್ಲಾಕು, ಈ ಸೈಜಿನ ಎಸ್‌ಎಲ್‌ಸಿ (ಒಂದು ಸೆಲ್ಲಿಗೆ ಒಂದೇ ಬಿಟ್ ಇಡೋ) ಚಿಪ್‌ಗಳ ಡೇಟಾಶೀಟ್ ತೆಗೆದು ನೋಡಿ, ಕನಿಷ್ಠ 2008 ಚೆನ್ನಾಗಿರುತ್ವೆ ಅಂತ ಸಾಮಾನ್ಯವಾಗಿ ಬರೆದಿರ್ತಾರೆ, ಅಂದ್ರೆ 40 ಕೆಟ್ರೂ ಅವರ ಲೆಕ್ಕದಲ್ಲಿ ಅದು ಒಳ್ಳೇ ಚಿಪ್ಪೇ. ನಿಮ್ದು ಏಳು. ಎರಡು ವರ್ಷದಿಂದ ಆ ಸಾಲುಗಳು ಬರ್ತಾನೇ ಇದ್ದಿರಬೇಕು, ಬೋರ್ಡ್ ಓಡ್ತಿತ್ತು ಅಂತ ಯಾರೂ ನೋಡಿಲ್ಲ ಅಷ್ಟೆ. ಹಳೇ ಬೂಟ್ ಲಾಗ್ ಏನಾದ್ರೂ ಇಟ್ಟಿದೀರಾ?

ಸ್ಕ್ರಬ್ ಯಾಕೆ ಬೇಡ ಅಂದ್ರೆ ನೀವು ಕಾಫಿ ಕಡೆಯವರು ಬೇಗ ಅರ್ಥ ಆಗುತ್ತೆ, ಕಣದಲ್ಲಿ ಹೆಂಗಸ್ರು ಕೂತು ಕಪ್ಪು ಬೀಜ ಆರಿಸಿ ಪಕ್ಕಕ್ಕೆ ಗುಡ್ಡೆ ಹಾಕಿರ್ತಾರೆ, ಸ್ಕ್ರಬ್ ಅಂದ್ರೆ ಫ್ಯಾಕ್ಟರಿ ಗುರುತೂ ಸೇರಿ ಎಲ್ಲ ಅಳಿಸೋದು, ಆ ಗುಡ್ಡೇನ ವಾಪಸ್ ಮೂಟೆಗೆ ಸುರಿದ ಹಾಗೆ. ಕೆಟ್ಟ ಬೀಜ ಅಲ್ಲೇ ಇರುತ್ತೆ, ಯಾವ್ದು ಅಂತ ಗೊತ್ತಾಗಲ್ಲ.

ಮೈನಸ್ 74 ಅಂದ್ರೆ ಓದಿದ್ ಡೇಟಾ ಇಸಿಸಿಯಿಂದ (ತಪ್ಪಿದ ಬಿಟ್ ತಿದ್ದೋಕೆ ಡೇಟಾ ಜೊತೆ ಇಡೋ ಲೆಕ್ಕ) ಸರಿ ಮಾಡೋಕಾಗ್ಲಿಲ್ಲ ಅಂತ. ಪುಟಗಟ್ಲೆ ಒಟ್ಟಿಗೆ ಬರ್ತಿದೆ ಅಂದ್ರೆ ನನಗೆ ಚಿಪ್ ಮೇಲೆ ಡೌಟ್ ಕಮ್ಮಿ, ಚಿಪ್ ಸಾಯೋದು ಹಂಗಲ್ಲ, ಅಲ್ಲೊಂದು ಇಲ್ಲೊಂದು ಬ್ಲಾಕ್ ಹೋಗ್ತಾ ಬರುತ್ತೆ. ಇಸಿಸಿ ಲೆಕ್ಕದಲ್ಲಿ ಬೇರೆ ಬೇರೆ ತರ ಇದೆ, ಯು-ಬೂಟ್ ಒಂದು ಬಿಟ್ ಹ್ಯಾಮಿಂಗಲ್ಲಿ ಬರೆದು ಕರ್ನಲ್ (ಲಿನಕ್ಸ್‌ನ ತಿರುಳು) ಬಿಸಿಎಚ್ ಎಂಟು ಬಿಟ್ಟಲ್ಲಿ ಓದ್ತಿದ್ರೆ ಹೀಗಾಗುತ್ತೆ. ಹಂಗೇನಾದ್ರೂ ಇದ್ಯಾ ನೋಡಿ.

ಪ್ರಶ್ನೆ ಕೇಳಿದವರು: ಸರ್ ಹಳೇ ಲಾಗ್ ಫೋಟೋ ಫೋನಲ್ಲೇ ಇತ್ತು, ಫಿಟ್ ಮಾಡಿದ ದಿನ ತೆಗ್ದಿದ್ದು. ನೀವು ಹೇಳ್ದಂಗೆ ಅದೇ ಏಳು ಅಡ್ರೆಸ್ಸು, ಒಂದೂ ಜಾಸ್ತಿ ಇಲ್ಲ!! ಆದ್ರೆ ಒಂದ್ ವಿಷ್ಯ ಹೇಳೋದು ಮರೆತೆ, ಇಮೇಜ್ ಬರೆದ ತಕ್ಷಣ ಫಸ್ಟ್ ಬೂಟ್ ಚೆನ್ನಾಗೇ ಬಂತು, ಲಾಗಿನ್ ಆದೆ, ಮಳೆ ಪ್ರೋಗ್ರಾಮ್ ಓಡಿಸ್ದೆ, ಒಂದ್ ಗಂಟೆ ಬಿಟ್ಟು ರೀಬೂಟ್ ಮಾಡಿದ್ಮೇಲೆ 74 ಶುರು.

(ಮಧ್ಯದಲ್ಲಿ) ಬೇಲೂರು ಕಡೆಯವರು: ಗುರು ನಾನು ಹೋದ್ ತಿಂಗಳು ಸ್ಕ್ರಬ್ ಹೊಡ್ದೆ, ಹನ್ನೊಂದು ಬ್ಯಾಡ್ ಬ್ಲಾಕ್ ಇತ್ತು ಈಗ ಜೀರೋ ಐತೆ, ಬೋರ್ಡ್ ಓಡ್ತಾ ಐತೆ. ಸುಮ್ನೆ ಯಾಕ್ ಹೆದರಿಸ್ತೀರಾ?

ಉತ್ತರ (ಹಾಸನ): ಬೇಲೂರಿನವ್ರೇ, ಜೀರೋ ಆಗಿರೋದು ಗುರುತು, ಬ್ಲಾಕ್ ಅಲ್ಲ. ಫ್ಯಾಕ್ಟರಿಯವ್ರು ಬೇರೆ ಬೇರೆ ಟೆಂಪರೇಚರಲ್ಲಿ ವೋಲ್ಟೇಜಲ್ಲಿ ಟೆಸ್ಟ್ ಮಾಡಿ ಹಾಕಿದ ಗುರುತು ಅದು, ನಮ್ ಟೇಬಲ್ ಮೇಲೆ ಅದನ್ನ ಮತ್ತೆ ಕಂಡುಹಿಡಿಯೋಕೆ ಆಗಲ್ಲ. ಆ ಹನ್ನೊಂದರಲ್ಲಿ ಕೆಲವು ಇವತ್ತು ಬರೆದಿದ್ದು ಇವತ್ತು ಸರಿಯಾಗೇ ಓದ್ತವೆ, ಎರಡು ತಿಂಗಳಾದ್ಮೇಲೆ ಕೈ ಕೊಡ್ತವೆ. ಹಳೇ ಲಾಗ್ ಎಲ್ಲಾದ್ರೂ ಸಿಕ್ರೆ ಯು-ಬೂಟಲ್ಲಿ ನ್ಯಾಂಡ್ ಮಾರ್ಕ್‌ಬ್ಯಾಡ್ ಕೊಟ್ಟು ಒಂದೊಂದೇ ಅಡ್ರೆಸ್ ವಾಪಸ್ ಗುರುತು ಹಾಕಿ. ಸಿಗ್ಲಿಲ್ಲ ಅಂದ್ರೆ ಆ ಬೋರ್ಡಲ್ಲಿ ಮುಖ್ಯವಾದ್ದೇನೂ ಇಡ್ಬೇಡಿ.

ಮೂಡಿಗೆರೆಯವ್ರೇ, ನೀವು ಮರೆತ ವಿಷ್ಯಾನೇ ಮುಖ್ಯ ಇತ್ತು ಮಾರಾಯ್ರೆ! ಫಸ್ಟ್ ಬೂಟ್ ಸರಿಯಾಗಿ ಬಂತು ಅಂದ್ಮೇಲೆ ಇಸಿಸಿ ಎರಡೂ ಕಡೆ ಒಂದೇ ಇದೆ, ಇಲ್ಲದಿದ್ರೆ ಯುಬಿಐ ಚಿಪ್ ಓದಿ ಅಟ್ಯಾಚೇ ಆಗ್ತಿರ್ಲಿಲ್ಲ. ನಾನು ಮೇಲೆ ಹೇಳಿದ್ದು ತಪ್ಪು, ಬಿಟ್ಟಾಕಿ. ಯು-ಬೂಟಲ್ಲಿ ಬರಿ ನ್ಯಾಂಡ್ ರೈಟ್ ಅಂತ ಕೊಟ್ರಾ?

ಪ್ರಶ್ನೆ ಕೇಳಿದವರು: ಹೌದು ಸರ್, ಇರೇಸ್ ಮಾಡಿ ಬರಿ ನ್ಯಾಂಡ್ ರೈಟ್.

ಉತ್ತರ (ಹಾಸನ): ಅದೇ. ಸಮಾಧಾನದಲ್ಲಿ ಓದಿ, ಇದು ಸ್ವಲ್ಪ ಸೂಕ್ಷ್ಮ, ನನಗೂ ಮೊದಲನೇ ಸಲ ಇದು ಹೊಳೆಯೋಕೆ ಎರಡು ದಿನ ಹಿಡಿದಿತ್ತು.

ಯುಬಿಐ ಇಮೇಜ್ ಒಳಗೆ ಎಷ್ಟೋ ಪೇಜ್ (ಬ್ಲಾಕ್ ಒಳಗಿನ ಚಿಕ್ಕ ತುಂಡು, ಬರೆಯೋದು ಪೇಜ್ ಲೆಕ್ಕದಲ್ಲಿ) ಖಾಲಿ ಇರುತ್ವೆ, ಎಲ್ಲ ಎಫ್‌ಎಫ್, ಅಂದ್ರೆ ಎಲ್ಲ ಬಿಟ್ಟೂ ಒಂದು. ಇರೇಸ್ ಆದ ಪೇಜೂ ಎಲ್ಲ ಎಫ್‌ಎಫ್ಫೇ, ನೋಡೋಕೆ ಎರಡೂ ಒಂದೇ ತರ. ಆದ್ರೆ ಬರಿ ನ್ಯಾಂಡ್ ರೈಟ್ ಕೊಟ್ರೆ ಆ ಖಾಲಿ ಪೇಜನ್ನೂ ಅದು 'ಬರೆಯುತ್ತೆ', ಬರೆದು ಅದರ ಇಸಿಸೀನ ಪಕ್ಕದ ಓಓಬಿಯಲ್ಲಿ ಇಡುತ್ತೆ, ಎಷ್ಟೋ ಕಂಟ್ರೋಲರಲ್ಲಿ ಎಫ್‌ಎಫ್‌ಗೆ ಬರೋ ಇಸಿಸಿ ಎಫ್‌ಎಫ್ ಆಗಿರಲ್ಲ. ಆಮೇಲೆ ಬೋರ್ಡ್ ಎದ್ದು ಯುಬಿಐಎಫ್‌ಎಸ್ ಬಂದು ಆಹಾ ಖಾಲಿ ಪೇಜು ಅಂತ ನಿಮ್ಮ ಮಳೆ ಲೆಕ್ಕ ಅದ್ರಲ್ಲಿ ಬರೆಯುತ್ತೆ. ನ್ಯಾಂಡಲ್ಲಿ ಇರೇಸ್ ಮಾಡ್ದೆ ಬರೆದ್ರೆ ಒಂದಿದ್ದ ಬಿಟ್ ಸೊನ್ನೆ ಆಗ್ಬಹುದು, ಸೊನ್ನೆ ಮತ್ತೆ ಒಂದಾಗಲ್ಲ. ಡೇಟಾ ಸರಿಯಾಗೇ ಕೂರುತ್ತೆ, ಇಸಿಸಿ ಮಾತ್ರ ಹಳೇದರ ಮೇಲೆ ಹೊಸದು ಬಿದ್ದು ಕಲಸುಮೇಲೋಗರ. ಮುಂದಿನ ಸಲ ಓದೋವಾಗ ಮೈನಸ್ 74. ಫಸ್ಟ್ ಬೂಟ್ ಚೆನ್ನಾಗಿ ಬಂದು ರೀಬೂಟ್ ಆದ್ಮೇಲೆ ಕೆಟ್ಟಿದ್ದು ಇದಕ್ಕೇ. ಚಿಪ್ಪಿನ ತಪ್ಪು ಏನೂ ಇಲ್ಲ ಇದ್ರಲ್ಲಿ.

ಪರಿಹಾರ ಸುಲಭ. ಕರ್ನಲ್ಲೂ ಇನಿಟ್‌ರಾಮ್‌ಎಫ್‌ಎಸ್ಸೂ (ರ‍್ಯಾಮಲ್ಲೇ ಓಡೋ ಪುಟ್ಟ ಫೈಲ್ ಸಿಸ್ಟಮ್) ಟಿಎಫ್‌ಟಿಪಿಯಿಂದ, ಅಂದ್ರೆ ನೆಟ್‌ವರ್ಕ್ ಮೇಲೆ, ರ‍್ಯಾಮಿಗೆ ತಂದು ಬೂಟ್ ಮಾಡಿ, ಅಲ್ಲಿಂದ ಯುಬಿಐಫಾರ್ಮ್ಯಾಟ್ ಕಮ್ಯಾಂಡ್ ಕೊಟ್ಟು ಇಮೇಜ್ ಹಾಕಿ, ಅದು ಖಾಲಿ ಪೇಜ್ ಮುಟ್ಟಲ್ಲ, ಬ್ಯಾಡ್ ಬ್ಲಾಕ್ ತಾನೇ ದಾಟಿ ಹೋಗುತ್ತೆ, ಯಾವ ಬ್ಲಾಕ್ ಎಷ್ಟು ಸಲ ಇರೇಸ್ ಆಗಿದೆ ಅನ್ನೋ ಲೆಕ್ಕಾನೂ ಉಳಿಸುತ್ತೆ. ಯು-ಬೂಟಿಂದಲೇ ಮಾಡ್ಬೇಕು ಅಂದ್ರೆ ನ್ಯಾಂಡ್ ರೈಟ್ ಡಾಟ್ ಟ್ರಿಮ್‌ಎಫ್‌ಎಫ್‌ಎಸ್ ಅಂತ ಇರುತ್ತೆ, ಅದನ್ನ ಕೊಡಿ. ಡಿಡಿ (ಇದ್ದಂಗೇ ಕಾಪಿ ಮಾಡೋ) ಕಮ್ಯಾಂಡ್ ಕಡೆ ತಲೆ ಹಾಕ್ಬೇಡಿ, ಅದಕ್ಕೆ ಬ್ಯಾಡ್ ಬ್ಲಾಕ್ ಅನ್ನೋದು ಇದೆ ಅಂತಾನೇ ಗೊತ್ತಿಲ್ಲ.

ಆದ್ರೆ ಮೊದಲು ಬೋರ್ಡ್ ಯಾಕೆ ನಿಂತಿದ್ದು ಅನ್ನೋದು ಹಂಗೇ ಉಳೀತು. ಅದಕ್ಕೆ ನನಗೆ ಪವರ್ ಮೇಲೇ ಅನುಮಾನ. ಬರೀ ಕರೆಂಟ್ ಹೋದ್ರೆ ಯುಬಿಐಎಫ್‌ಎಸ್ ತಡ್ಕೊಳ್ಳುತ್ತೆ, ಅದನ್ನ ಮಾಡಿರೋದೇ ಹಂಗೆ. ಅರ್ಧಂಬರ್ಧ ವೋಲ್ಟೇಜಲ್ಲಿ ಬರೆಯೋಕೆ, ಇರೇಸ್ ಮಾಡೋಕೆ ಹೋದಾಗ ಕಷ್ಟ, ಬಿಟ್‌ಗಳು ಒಂದ್ಸಲ ಹಿಂಗೆ ಒಂದ್ಸಲ ಹಂಗೆ ಓದೋಕೆ ಶುರು ಮಾಡ್ತವೆ. ನಿಮ್ಮ ಜಿಎಸ್‌ಎಂ ಮೋಡೆಮ್ ಬೋರ್ಡ್ ಜೊತೆ ಒಂದೇ ಅಡಾಪ್ಟರಲ್ಲಿದ್ಯಾ? ಅದು ಸಿಗ್ನಲ್ ಕಳಿಸೋ ಕ್ಷಣಕ್ಕೆ 2 ಆಂಪಿಯರ್ ತನಕ ಎಳೆಯುತ್ತೆ. ತೋಟದಲ್ಲಿ ಟವರ್ ದೂರ ಬೇರೆ, ಫುಲ್ ಪವರಲ್ಲೇ ಕೂಗುತ್ತೆ.

ಪ್ರಶ್ನೆ ಕೇಳಿದವರು: ಹೌದು ಸರ್ ಒಂದೇ ಅಡಾಪ್ಟರ್, 5 ವೋಲ್ಟ್ 2 ಆಂಪ್ ಅಂತ ಮೇಲೆ ಬರೆದಿದೆ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮೆಷಿನ್) ಶೆಡ್ಡಲ್ಲಿ ಪ್ಲಗ್, ಅಲ್ಲಿಂದ ಬೋರ್ಡಿಗೆ ಸುಮಾರು ಆರು ಮೀಟರ್ ಸಣ್ಣ ವೈರ್ ಎಳೆದಿದೀನಿ 😅

ಉತ್ತರ (ಹಾಸನ): ಆರು ಮೀಟರ್ ಸಣ್ಣ ವೈರಲ್ಲಿ 5 ವೋಲ್ಟ್! ಅಡಾಪ್ಟರ್ ಹತ್ರ ಅಳೆದ್ರೆ 5 ಇರುತ್ತೆ, ಬೋರ್ಡ್ ಹತ್ರ ಅಳೀರಿ, ಮೆಸೇಜ್ ಹೋಗೋ ಹೊತ್ತಲ್ಲಿ. ಮಾಮೂಲಿ ಮೀಟರ್ ಆ ಚಿಕ್ಕ ಕುಸಿತ ಪೂರ್ತಿ ತೋರ್ಸಲ್ಲ, ಸ್ವಲ್ಪ ಅಲ್ಲಾಡಿದ್ರೂ ಒಳಗೆ ಜಾಸ್ತಿ ಬಿದ್ದಿದೆ ಅಂತ ತಿಳ್ಕೊಳಿ.

ಪ್ರಶ್ನೆ ಕೇಳಿದವರು (ನಾಲ್ಕು ದಿನ ಬಿಟ್ಟು): ಸರ್ ಯುಬಿಐಫಾರ್ಮ್ಯಾಟಲ್ಲಿ ಹಾಕ್ದೆ, ಹತ್ತು ಸಲ ರೀಬೂಟ್ ಮಾಡಿದೀನಿ, 74 ಒಂದೂ ಇಲ್ಲ. ಬ್ಯಾಡ್ ಬ್ಲಾಕ್ ಅದೇ ಏಳು. ಬೋರ್ಡ್ ಹತ್ರ ವೋಲ್ಟೇಜ್ 4.7, ಮೆಸೇಜ್ ಹೋಗೋವಾಗ ಮೀಟರಲ್ಲೇ 4.4 ಆಯ್ತು. ತೋಟದ ರೈಟ್ರು (ಲೆಕ್ಕ ಬರೆಯೋರು) ಬೇರೆ ದಿನಾ ಕೇಳ್ತಿದಾರೆ ಮಳೆ ಲೆಕ್ಕ ಎಲ್ಲಿ ಅಂತ, ಈಗ್ಲೇ ವಾಪಸ್ ಫಿಟ್ ಮಾಡ್ಲಾ?

ಉತ್ತರ (ಹಾಸನ): ಆ ವೈರಲ್ಲಿ ಬೇಡ. ಅಡಾಪ್ಟರ್ ಬೋರ್ಡ್ ಪಕ್ಕಕ್ಕೇ ತನ್ನಿ, 230 ವೋಲ್ಟ್ ಲೈನ್ ಆರು ಮೀಟರ್ ಎಳೀಲಿ ಪರವಾಗಿಲ್ಲ, ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಶೆಡ್ಡಲ್ಲಿ ನೀರಿರುತ್ತೆ. ಮೋಡೆಮ್ ಪವರ್ ಕಾಲಿನ ಹತ್ರಾನೇ 2200 ಮೈಕ್ರೋಫ್ಯಾರಡ್ ಲೋ ಇಎಸ್‌ಆರ್ (ಒಳಗಿನ ತಡೆ ಕಮ್ಮಿ ಇರೋ) ಕೆಪಾಸಿಟರ್ ಒಂದು ಹಾಕಿ. ಆಮೇಲೆ ಲಿನಕ್ಸ್‌ನ ಸಿಸ್ ಫೋಲ್ಡರಲ್ಲಿ ನಿಮ್ಮ ಎಂಟಿಡಿ (ಫ್ಲಾಶ್ ಚಿಪ್ಪಿಗೆ ಲಿನಕ್ಸ್ ಇಟ್ಟ ಹೆಸರು) ಪಾರ್ಟಿಷನ್ ಕೆಳಗೆ ಕರೆಕ್ಟೆಡ್ ಬಿಟ್ಸ್, ಇಸಿಸಿ ಫೇಲ್ಯೂರ್ಸ್, ಬ್ಯಾಡ್ ಬ್ಲಾಕ್ಸ್ ಅಂತ ಮೂರು ಫೈಲ್ ಇರುತ್ತೆ ಹೊಸ ಕರ್ನಲ್ಲಲ್ಲಿ, ಅದನ್ನ ಮಳೆ ಮೆಸೇಜ್ ಬಾಲಕ್ಕೇ ಸೇರಿಸಿ ಕಳ್ಸೋ ತರ ಮಾಡ್ಕೊಳಿ. ಮೊದಲನೇದು ಮೆಲ್ಲಗೆ ಏರಿದ್ರೆ ಚಿಂತೆ ಇಲ್ಲ, ಎರಡನೇದು ಸೊನ್ನೆ ಬಿಟ್ಟು ಏನೇ ಬಂದ್ರೂ ನನಗೆ ಫೋನ್ ಮಾಡಿ. ಚಿಪ್ ಚೇಂಜ್ ಸದ್ಯಕ್ಕೆ ಬೇಡ, ಹೊಸ ಚಿಪ್ಪಲ್ಲೂ ನಾಲ್ಕೈದು ಬ್ಯಾಡ್ ಬ್ಲಾಕ್ ಇರಬಹುದು, ಆವಾಗ ಮತ್ತೆ ಇಲ್ಲೇ ಬಂದು ಕೇಳ್ತೀರಾ 😀

ಬೇಲೂರು ಕಡೆಯವರು: ಅಣ್ಣ ಹಳೇ ಲಾಗ್ ಸಿಕ್ತು, ಲ್ಯಾಪ್‌ಟಾಪಲ್ಲಿ ಇತ್ತು, ಹನ್ನೊಂದೂ ಅಡ್ರೆಸ್ ಐತೆ. ಮಾರ್ಕ್‌ಬ್ಯಾಡ್ ಕೊಡೋಕ್ ಮುಂಚೆ ಡೇಟಾ ತೆಗೀಬೇಕಾ?

ಉತ್ತರ (ಹಾಸನ): ಮೊದಲು ಡೇಟಾ ತೆಗೀರಿ, ಆ ಬ್ಲಾಕಲ್ಲಿ ಈಗ ಏನ್ ಕೂತಿದ್ಯೋ ಯಾರಿಗ್ಗೊತ್ತು. ತೆಗೆದು, ಹನ್ನೊಂದೂ ಗುರುತು ಹಾಕಿ, ಯುಬಿಐಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿ.