ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಇತಿಹಾಸದ ಅತಿ ಕೆಟ್ಟ ಕೋಚ್ ಯಾರು? ಲೆಕ್ಕ ಸಮೇತ ಹೇಳಿ

ಕ್ಯಾತ್ಸಂದ್ರ ಬ್ಲೂಸ್:
ತುಮಕೂರಲ್ಲಿ ಫುಟ್‌ಬಾಲ್ ಮಾತಾಡೋರೇ ನಾಲ್ಕು ಜನ, ಅದರಲ್ಲೂ ಎರಡು ಬಣ. ಅರ್ಧ ಜನ ಮಾರ್ಕೊ ಪೆಜ್ಜಯೋಲಿ ಅಂತಾರೆ, ಉಳಿದೋರು ಸೈಮನ್ ಗ್ರೇಸನ್ ಅಂತಾರೆ. ನನ್ನ ಓಟು ಪೆಜ್ಜಯೋಲಿಗೆ. ಮೂರು ವರ್ಷದ ಕರಾರು ಮಾಡ್ಕೊಂಡು ಬಂದು, ಒಂದು ಕಪ್ಪೂ ಇಲ್ಲದೆ 2022ರ ಜೂನ್‌ನಲ್ಲಿ ಹೊರಟರು. ನಿಮ್ಮ ಲೆಕ್ಕ ಏನು? ಐಎಸ್‌ಎಲ್‌ಗೆ (ಇಂಡಿಯನ್ ಸೂಪರ್ ಲೀಗ್) ಬಂದ ಮೇಲಿನದ್ದು ಮಾತ್ರ ಹೇಳಿ. ಅದಕ್ಕೂ ಮುಂಚೆ ಎರಡು ಸಲ ಐ-ಲೀಗ್ ಗೆದ್ದ ಕೋಚ್ ವೆಸ್ಟ್‌ವುಡ್‌ನ ಇದರೊಳಗೆ ಎಳೀಬೇಡಿ.

ಬಿ.ಎಚ್. ರೋಡ್ ವಿಂಗರ್:
ಲೀಗ್ ಹಂತದ ಅಂಕಗಳನ್ನ ಪಂದ್ಯಗಳಿಂದ ಭಾಗಿಸಿ. ಪ್ಲೇಆಫ್ ಸೇರಿಸಬೇಡಿ, ಅಲ್ಲಿ ಅಂಕವೇ ಇಲ್ಲ.

ರೋಕಾ 2017-18ರಲ್ಲಿ 18 ಪಂದ್ಯಕ್ಕೆ 40 ಅಂಕ, ಅಂದ್ರೆ 2.22. ಆ ಮಟ್ಟ ಮತ್ತೆ ಯಾರಿಗೂ ಸಿಕ್ಕಿಲ್ಲ. ಕುವಾದ್ರಾತ್ ಚಾಂಪಿಯನ್ ಆದ ವರ್ಷ 34 ಅಂಕ (1.89), ಮುಂದಿನ ವರ್ಷ 30 (1.67). ಪೆಜ್ಜಯೋಲಿ 20 ಪಂದ್ಯಕ್ಕೆ 29, ಸರಾಸರಿ 1.45. ಗ್ರೇಸನ್ ಎರಡೂ ಸೀಸನ್ ಸೇರಿ 29 ಪಂದ್ಯಕ್ಕೆ 41, ಸರಾಸರಿ 1.41. ಇಬ್ಬರ ನಡುವೆ ಕೂದಲೆಳೆ ಅಂತರ.

ಕನಿಷ್ಠ ಅಂಕಿ ಹಂಗಾಮಿ ಕೋಚ್ ಆಗಿದ್ದ ನೌಷಾದ್ ಮೂಸಾ ಅವರದ್ದು, 11 ಪಂದ್ಯಕ್ಕೆ 10. ಬರೀ ಅಂಕಿ ನೋಡಿದ್ರೆ ಅವರೇ 'ಕೆಟ್ಟವರು'. ಆದರೆ ಅದು ಅನ್ಯಾಯ.

ಗೂಳೂರು ಗೋಲಿ:
ಅನ್ಯಾಯವೇ ಸರಿ. 2020-21ರ ಸೀಸನ್ ಪೂರ್ತಿ ಗೋವಾದಲ್ಲಿ, ಬಯೋ ಬಬಲ್ ಒಳಗೆ, ಖಾಲಿ ಸ್ಟೇಡಿಯಂನಲ್ಲಿ ನಡೀತು. ಮೂರು ಸತತ ಸೋಲಾದ ಮೇಲೆ 2021ರ ಜನವರಿ 6ಕ್ಕೆ ಕುವಾದ್ರಾತ್‌ನ ಕಳಿಸಿದ್ರು. ಆಗ 9 ಪಂದ್ಯಕ್ಕೆ 12 ಅಂಕ ಇತ್ತು: 3 ಗೆಲುವು, 3 ಡ್ರಾ, 3 ಸೋಲು. ಮೂರ್ನಾಲ್ಕು ದಿನಕ್ಕೊಂದು ಪಂದ್ಯ ಇರೋವಾಗ ಮಧ್ಯದಲ್ಲಿ ಬಂದವರು ಹೊಸ ಆಟ ಕಲಿಸೋದು ಯಾವಾಗ? ಪಂದ್ಯದ ಮಾರನೇ ದಿನ ಮೈ ಸಡಿಲಿಸೋದು, ಆಮೇಲೆ ಒಂದು ಅಭ್ಯಾಸ, ಅಷ್ಟರಲ್ಲಿ ಮುಂದಿನ ಪಂದ್ಯ. ಹಂಗಾಮಿಗಳನ್ನ ಈ ಪಟ್ಟಿಯಿಂದಲೇ ತೆಗೀರಿ.

ನನ್ನ ಕೇಳಿದ್ರೆ ಹುಳುಕು ಶುರುವಾಗಿದ್ದು ಅದಕ್ಕೂ ಮುಂಚೆ. 2017-18ರಲ್ಲಿ ಸ್ಟ್ರೈಕರ್ ಮಿಕು ಒಬ್ಬರೇ ಐಎಸ್‌ಎಲ್‌ನಲ್ಲಿ 15 ಗೋಲು ಹೊಡೆದಿದ್ದರು. 2019ರಲ್ಲಿ ಅವರು ಹೋದ ಮೇಲೆ ಆ ಜಾಗ ತುಂಬಲೇ ಇಲ್ಲ. ಮಾನುಯೆಲ್ ಒನ್ವು ಬಂದ್ರು, ಇಲ್ಲಿ ತಡಕಾಡಿದ್ರು. ಜನವರಿಯಲ್ಲಿ ಲೋನ್ ಮೇಲೆ ಒಡಿಶಾಗೆ ಹೋದವರೇ 4 ಪಂದ್ಯದಲ್ಲಿ 7 ಗೋಲು! ಇದನ್ನ ಯಾವ ಕೋಚ್ ಖಾತೆಗೆ ಬರೀತೀರಿ?

ಶಿರಾ ಗೇಟ್ ಸ್ಟಾಪರ್:
ಸರಾಸರಿ ಒಂದನ್ನೇ ನಂಬಿದ್ರೆ ಮೋಸ ಹೋಗ್ತೀರಿ. ಸೀಸನ್‌ನ ತುಂಡು ತುಂಡು ಮಾಡಿ ನೋಡಿ.

ಪೆಜ್ಜಯೋಲಿ ಮೊದಲ 8 ಪಂದ್ಯದಲ್ಲಿ ಒಂದೇ ಗೆಲುವು, 6 ಅಂಕ. ಉಳಿದ 12ರಲ್ಲಿ 23 ಅಂಕ, ಅಂದ್ರೆ 1.92. ತಂಡ ಏರ್ತಾ ಹೋಯ್ತು, ಆದರೆ ಮೊದಲು ಮಾಡಿದ ಸಾಲ ತೀರದೆ 6ನೇ ಸ್ಥಾನಕ್ಕೆ ನಿಂತಿತು.

ಗ್ರೇಸನ್ ಬೇರೆ ಥರ. 2022-23ರ ಮೊದಲ 12 ಪಂದ್ಯಕ್ಕೆ 10 ಅಂಕ. ಆಮೇಲೆ ಸತತ 8 ಗೆಲುವು, 24 ಅಂಕ, 4ನೇ ಸ್ಥಾನ. ಮುಂದಿನ ಸೀಸನ್ 9 ಪಂದ್ಯಕ್ಕೆ 7 ಅಂಕ. ಆ ಎಂಟು ಗೆಲುವು ಬದಿಗಿಟ್ಟರೆ 21 ಪಂದ್ಯಕ್ಕೆ 17. ಅದು 0.81, ಮೂಸಾಗಿಂತ ಕೆಳಗೆ!

ಕಾರಣ ಆಟದ ರೀತಿಯಲ್ಲೇ ಇದೆ. ಗ್ರೇಸನ್ ಥರ ಹಿಂದೆ ಮೂವರು ಸ್ಟಾಪರ್ (ನಡು ಡಿಫೆಂಡರ್) ಇಟ್ಟು ಆಡೋವಾಗ ಅಂಚಿನ ವಿಂಗ್‌ಬ್ಯಾಕ್ ಪೂರ್ತಿ ಮೈದಾನ ಓಡಬೇಕು. ಅವನು ಮೇಲೆ ಹೋದಾಗ ಬೆನ್ನ ಹಿಂದೆ ಖಾಲಿ ಬೀಳೋ ಜಾಗಕ್ಕೆ ಪಕ್ಕದ ಸ್ಟಾಪರ್ ಸರಿಯಬೇಕು, ಅವನು ಸರಿದ ಜಾಗಕ್ಕೆ ನಡುವಿನವನು ಬರಬೇಕು. ಒಬ್ಬ ಅರ್ಧ ಸೆಕೆಂಡ್ ತಡ ಮಾಡಿದ್ರೂ ಎದುರಾಳಿಗೆ ನೇರ ದಾರಿ. 2023ರ ಬೇಸಿಗೆಯಲ್ಲಿ ಜಿಂಗನ್, ಅಲನ್ ಕೋಸ್ಟಾ, ಬ್ರೂನೊ, ಪ್ರಬೀರ್ ದಾಸ್, ರಾಯ್ ಕೃಷ್ಣ ಎಲ್ಲರೂ ಹೋದ್ರು. ಒಟ್ಟಿಗೆ ಸರಿಯೋದು ಕಲಿತಿದ್ದ ಡಿಫೆನ್ಸ್ ಸಾಲೇ ಮುರಿದುಹೋಯ್ತು. ಹೊಸಬರಿಗೆ ಅದು ಕೂರೋ ಮುಂಚೆಯೇ ಡಿಸೆಂಬರ್ 8ರಂದು ಕಂಠೀರವದಲ್ಲಿ ಮುಂಬೈ ಎದುರು 0-4. ರಾತ್ರಿ 8ಕ್ಕೆ ಶುರುವಾದ ಪಂದ್ಯ, ನೋಡಿ 70 ಕಿ.ಮೀ. ವಾಪಸ್ ಬರೋ ನಮ್ಮೂರಿನವರ ಕರ್ಮ. ಮಾರನೇ ದಿನವೇ ಗ್ರೇಸನ್ ಔಟ್.

ಕ್ಯಾತ್ಸಂದ್ರ ಬ್ಲೂಸ್:
8 ಗೆಲುವು ಕಿತ್ತು ಬಿಸಾಕಿ ಲೆಕ್ಕ ಹಾಕೋದು ಯಾವ ನ್ಯಾಯ ಗುರೂ? ಹಂಗಾದ್ರೆ ಪೆಜ್ಜಯೋಲಿಯ ಒಂಬತ್ತು ಪಂದ್ಯದ ಅಜೇಯ ಓಟನೂ ಕೀಳಿ. ಅಲ್ಲದೆ 2023ರಲ್ಲಿ ಶುರುವಿನ ಎರಡು ಪಂದ್ಯಕ್ಕೆ ಸುನಿಲ್ ಚೆಟ್ರಿನೇ ಇರಲಿಲ್ಲ, ಏಷ್ಯನ್ ಗೇಮ್ಸ್‌ಗೆ ಹೋಗಿದ್ದರು. ಎರಡೂ ಸೋತ್ವಿ. ವಾಪಸ್ ಬಂದ ಮೇಲೆ ಈಸ್ಟ್ ಬೆಂಗಾಲ್ ಎದುರು ಅವರ ಪೆನಾಲ್ಟಿ, ಹಾವಿ ಹೆರ್ನಾಂಡೆಜ್‌ನ ಓವರ್‌ಹೆಡ್ ಕಿಕ್, 2-1. ಗ್ರೇಸನ್‌ಗೆ ಆ ಸೀಸನ್ ಸಿಕ್ಕಿದ್ದು ಅದೊಂದೇ ಗೆಲುವು.

ಬಿ.ಎಚ್. ರೋಡ್ ವಿಂಗರ್:
ಚೆಟ್ರಿ ಇಲ್ಲದ್ದು ಎರಡು ಪಂದ್ಯಕ್ಕೆ ನೆಪ, ಒಂಬತ್ತಕ್ಕಲ್ಲ. ಆದರೂ ಒಂದು ಮಾತು ಗ್ರೇಸನ್ ಪರ ಹೇಳ್ಬೇಕು: ಅವರು ಹೋದ ಮೇಲಿನ 13 ಪಂದ್ಯದಲ್ಲೂ ಬಂದಿದ್ದು 15 ಅಂಕ ಅಷ್ಟೇ. 12 ತಂಡದಲ್ಲಿ 10ನೇ ಸ್ಥಾನ, ಕೊನೇ ಪಂದ್ಯ ಮನೆಯಲ್ಲೇ ಮೋಹನ್ ಬಾಗಾನ್‌ಗೆ 0-4. ಕೋಚ್ ಬದಲಾದ್ರೂ ಸೋಲು ನಿಲ್ಲಲಿಲ್ಲ ಅಂದ್ರೆ ತಂಡ ಕಟ್ಟಿದ್ದೇ ತಪ್ಪಾಗಿತ್ತು. ಗ್ರೇಸನ್ ಜಾಗಕ್ಕೆ ಬಂದಿದ್ದ ಅದೇ ಜರಗೋಜಾ ಮುಂದಿನ ಸೀಸನ್ 24 ಪಂದ್ಯಕ್ಕೆ 38 ಅಂಕ ಗಳಿಸಿ ಫೈನಲ್‌ಗೆ ಹೋದ್ರು, ಪ್ಲೇಆಫ್‌ನಲ್ಲಿ ಮುಂಬೈಗೆ 5-0 ಹೊಡೆದ್ರು.

ಆದ್ದರಿಂದ ನನ್ನ ಪ್ರಕಾರ ಅತಿ ಕೆಟ್ಟ ಅರ್ಧ ಸೀಸನ್ ಗ್ರೇಸನ್‌ದು. ಅತಿ ಕೆಟ್ಟ ಕೋಚ್ ಅನ್ನೋ ಪಟ್ಟಕ್ಕೆ ಪೆಜ್ಜಯೋಲಿನೂ ಅಲ್ಲ, ಅವರು ಹೋಗೋವಾಗ ತಂಡ ಬಂದಾಗಿನದಕ್ಕಿಂತ ಚೆನ್ನಾಗಿತ್ತು.

ಗೂಳೂರು ಗೋಲಿ:
ಗ್ರೇಸನ್‌ಗೆ ಡುರಾಂಡ್ ಕಪ್ ಇದೆ ಮರೀಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಫೈನಲ್, ಮುಂಬೈ ಎದುರು 2-1.

ಶಿರಾ ಗೇಟ್ ಸ್ಟಾಪರ್:
ಮರೆತಿಲ್ಲ. ಅದೇ ಸೀಸನ್ ಇನ್ನೆರಡು ಫೈನಲ್ ಸೋತಿದ್ದೂ ಬರ್ಕೊಳ್ಳಿ: ಐಎಸ್‌ಎಲ್ 2-2 ಆಗಿ ಪೆನಾಲ್ಟಿಯಲ್ಲಿ 3-4, ಸೂಪರ್ ಕಪ್ ಒಡಿಶಾ ಎದುರು 1-2. ಮೂರಕ್ಕೆ ಒಂದು. ಗ್ರೇಸನ್‌ಗೆ ಹಾಕಿದ ಓಟು ನಾನು ಬದಲಾಯಿಸಲ್ಲ.