ಮೆಕ್ಕೆಜೋಳ ಕಡಲು ದಾಟಿತು, ಸುಣ್ಣದ ನೀರು ಏಕೆ ದಾಟಲಿಲ್ಲ?

ಪ್ರಶ್ನೆ (ಬರೆದವರು: ಕುತೂಹಲಿ)

ಆಹಾರದ ಇತಿಹಾಸವನ್ನು ಓದುವಾಗ ಎದುರಾದ ಒಂದು ಗಂಟನ್ನು ಬಿಡಿಸಲು ನನಗೆ ಆಗುತ್ತಿಲ್ಲ. ಮೆಕ್ಸಿಕೊದ ಬಾಲ್ಸಾಸ್ ನದಿಯ ಕಣಿವೆಯಲ್ಲಿ, ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಸುಮಾರು 9000 ವರ್ಷಗಳ ಹಿಂದೆ ಪಳಗಿಸಿ ಮೆಕ್ಕೆಜೋಳವಾಗಿಸಿದರು. ಆ ನಾಡಿನ ಜನ ಅದನ್ನೇ ದಿನದ ಮುಖ್ಯ ಊಟವಾಗಿಸಿಕೊಂಡು ದೊಡ್ಡ ನಗರಗಳನ್ನು ಕಟ್ಟಿ ಬಾಳಿದರು. ಅದೇ ಕಾಳು 1492ರ ನಂತರ ಯುರೋಪನ್ನು ಸೇರಿ, ಮುಂದಿನ ಎರಡು ಮೂರು ಶತಮಾನಗಳಲ್ಲಿ ಸ್ಪೇನಿನ ಉತ್ತರ ಭಾಗ, ಉತ್ತರ ಇಟಲಿ, ರೊಮೇನಿಯಾಗಳ ಬಡ ರೈತರ ಬಟ್ಟಲನ್ನು ತುಂಬಿದಾಗ, ಅವರಲ್ಲಿ ಪೆಲಾಗ್ರ ಎಂಬ ರೋಗ ಕಾಣಿಸಿಕೊಂಡಿತು. ಬಿಸಿಲು ತಾಗುವ ಕಡೆಯಲ್ಲೆಲ್ಲ ಚರ್ಮ ಸುಟ್ಟಂತಾಗುವುದು, ನಿಲ್ಲದ ಭೇದಿ, ಬುದ್ಧಿಭ್ರಮೆ, ಕೊನೆಗೆ ಸಾವು. ಸ್ಪೇನಿನ ಆಸ್ಟೂರಿಯಸ್ ಪ್ರಾಂತ್ಯದ ವೈದ್ಯ ಗಾಸ್ಪರ್ ಕಸಾಲ್ 1735ರಲ್ಲಿಯೇ ಇದನ್ನು ಗುರುತಿಸಿದ್ದ. ಒರಟು ಚರ್ಮ ಎಂಬ ಅರ್ಥದ ಇಟಲಿಯ ಆಡುಮಾತಿನಿಂದ ಫ್ರಾಪೊಲ್ಲಿ ಎಂಬ ವೈದ್ಯ 1771ರಲ್ಲಿ ಪೆಲಾಗ್ರ ಎಂಬ ಹೆಸರನ್ನು ಬಳಕೆಗೆ ತಂದ.

ಮೆಕ್ಸಿಕೊದವರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸುತ್ತಿದ್ದರು, ಯುರೋಪಿನವರು ಹಾಗೆ ಮಾಡಲಿಲ್ಲ ಎಂಬ ಸಾಮಾನ್ಯ ಉತ್ತರ ನನಗೆ ಗೊತ್ತು. ನಾನು ಕೇಳುತ್ತಿರುವುದು ಅದರ ಮುಂದಿನದನ್ನು. ಬೀಜವನ್ನು ಹಡಗಿಗೆ ಏರಿಸಿದವರು ಅದನ್ನು ಬೇಯಿಸುವ ಕ್ರಮವನ್ನು ಏಕೆ ಅಲ್ಲೇ ಬಿಟ್ಟು ಬಂದರು? ಅವರು ಅದನ್ನು ನೋಡಿಯೇ ಇರಲಿಲ್ಲವೇ, ಅಥವಾ ನೋಡಿಯೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೇ? ಬೇರೆ ಆಹಾರಗಳ ವಿಷಯದಲ್ಲಿಯೂ ಹೀಗಾಗಿದೆಯೇ?

ಉತ್ತರ (ಬರೆದವರು: ಬೀಸುಕಲ್ಲು)

ನೋಡಿದ್ದರು. ಹದಿನಾರನೆಯ ಶತಮಾನದಲ್ಲಿ ಮೆಕ್ಸಿಕೊದಲ್ಲಿದ್ದ ಪಾದ್ರಿ ಬರ್ನಾರ್ಡಿನೊ ದೆ ಸಹಗೂನ್ ಅಲ್ಲಿನ ರೊಟ್ಟಿ ಮತ್ತು ತಮಾಲೆಗಳ (ಮೆಕ್ಕೆಜೋಳದ ಹಿಟ್ಟನ್ನು ಸಿಪ್ಪೆಯೆಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ ಕಡುಬು) ಬಗೆಗಳನ್ನು ಒಂದೊಂದಾಗಿ ದಾಖಲಿಸಿದ್ದಾನೆ. ಆದ್ದರಿಂದ ಕ್ರಮ ಕಣ್ಣಿಗೆ ಬೀಳಲಿಲ್ಲ ಎಂದು ಹೇಳುವಂತಿಲ್ಲ. ಅದರ ಅಗತ್ಯವೇನು ಎಂಬುದು ಹೊಳೆಯಲಿಲ್ಲ ಎಂದು ಹೇಳಬಹುದು. ಇದು ಏಕೆ ಸಹಜವಾಗಿತ್ತು ಎಂಬುದು ನನಗೆ ಅರ್ಥವಾದದ್ದು ಓದಿನಿಂದಲ್ಲ, ನಾನೇ ಒಮ್ಮೆ ಮಾಡಿ ನೋಡಿದ ಮೇಲೆ.

ಒಣಗಿದ ಕಾಳನ್ನು, ಅದರ ತೂಕದ ನೂರರಲ್ಲಿ ಒಂದು ಪಾಲಿನಷ್ಟು ಅಡುಗೆಗೆ ಬಳಸಬಹುದಾದ ಸುಣ್ಣವನ್ನು ಕದಡಿದ ನೀರಿಗೆ ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ, ರಾತ್ರಿಯಿಡೀ ಹಾಗೆಯೇ ಬಿಟ್ಟೆ. ಬೆಳಿಗ್ಗೆ ನೀರು ಗಾಢ ಹಳದಿಯಾಗಿ ಲೋಳೆಯಾಗಿತ್ತು. ಒಂದು ಹಿಡಿ ಕಾಳನ್ನು ಅಂಗೈಗಳ ನಡುವೆ ಉಜ್ಜಿದರೆ ಮೇಲಿನ ಸಿಪ್ಪೆ ಜಾರಿಕೊಂಡು ಬಂತು. ಎರಡು ಮೂರು ನೀರಿನಲ್ಲಿ ತೊಳೆದು ರುಬ್ಬಿದಾಗ ಸಿಕ್ಕಿದ ಹಿಟ್ಟು ಕೈಯಲ್ಲಿ ಅಂಟಿ ನಿಂತಿತು, ತಟ್ಟಿದರೆ ಅಂಚು ಬಿರಿಯಲಿಲ್ಲ. ಬರಿಯ ಒಣ ಹಿಟ್ಟಿಗೆ ನೀರು ಕಲಸಿ ತಟ್ಟಿದ್ದು ಮಾತ್ರ ಹೆಂಚಿಗೆ ಹೋಗುವ ಮುನ್ನವೇ ಉದುರಿಹೋಯಿತು. ಈ ಕ್ರಮಕ್ಕೆ ನಿಕ್ಸ್ಟಮಲ್ ಎಂಬ ಹೆಸರು ಬಂದದ್ದು ಮೆಕ್ಸಿಕೊದ ಅಜ್ಟೆಕ್ ಜನರ ನಾಹುವಾಟ್ಲ್ ಭಾಷೆಯ ಬೂದಿ ಮತ್ತು ಹಿಟ್ಟಿನ ಮುದ್ದೆ ಎಂಬ ಎರಡು ಪದಗಳಿಂದ. ಅಂದರೆ ಅದನ್ನು ಮಾಡುತ್ತಿದ್ದ ಹೆಂಗಸರಿಗೂ ಪ್ರತಿದಿನ ಕಾಣುತ್ತಿದ್ದ ಲಾಭ ಇಷ್ಟೇ: ಸಿಪ್ಪೆ ಬಿಡುತ್ತದೆ, ರುಬ್ಬುವುದು ಹಗುರ, ಹಿಟ್ಟು ಕಚ್ಚಿಕೊಳ್ಳುತ್ತದೆ. ಯಾವುದರ ಕೊರತೆಯಿಂದ ಪೆಲಾಗ್ರ ಬರುತ್ತದೋ ಆ ನಯಾಸಿನ್ ಎಂಬ ಜೀವಸತ್ವ ಕಾಳಿನಲ್ಲಿ ಬಿಗಿದುಕೊಂಡಿರುತ್ತದೆ, ಅದು ಸುಣ್ಣದ ಕ್ಷಾರದಿಂದ ಬಿಡುಗಡೆಯಾಗಿ ದೇಹಕ್ಕೆ ದಕ್ಕುತ್ತದೆ ಎಂಬುದನ್ನು ಕೈಯಿಂದ ಮುಟ್ಟಿ ತಿಳಿಯಲಾಗದು.

ಈಗ ಯುರೋಪಿನ ಕಡೆಯಿಂದ ಯೋಚಿಸಿ. ಅಲ್ಲಿ ನೀರಿನ ಬಲದಿಂದ ತಿರುಗುವ ಹಿಟ್ಟಿನ ಗಿರಣಿಗಳಿದ್ದವು. ಒಣ ಕಾಳನ್ನು ನುಣ್ಣಗೆ ಬೀಸಲು ಅವಕ್ಕೆ ಸುಣ್ಣದ ಸಹಾಯ ಬೇಕಿರಲಿಲ್ಲ. ನೆನೆದ ಕಾಳನ್ನು ಸುರಿದರೆ ಬದಲಿಗೆ ಕಲ್ಲೇ ಕಟ್ಟಿಕೊಳ್ಳುತ್ತಿತ್ತು. ರೊಟ್ಟಿಗೆ ಅವರ ಬಳಿ ಗೋಧಿ ಮತ್ತು ರೈ ಇದ್ದವು. ಉತ್ತರ ಇಟಲಿಯಲ್ಲಿ ಕಿರುಧಾನ್ಯಗಳ ಹಿಟ್ಟನ್ನು ನೀರಿನಲ್ಲಿ ತಿರುವಿ ಮಾಡುವ ಪೊಲೆಂಟಾ ಎಂಬ ಅಂಬಲಿ ಮೆಕ್ಕೆಜೋಳ ಬರುವ ಮೊದಲೇ ಇತ್ತು. ಹೊಸ ಹಿಟ್ಟು ಆ ಹಳೆಯ ಪಾತ್ರೆಯೊಳಗೆ ಸಲೀಸಾಗಿ ಇಳಿಯಿತು. ಯಾವ ತೊಂದರೆಯನ್ನು ನೀಗಲು ಸುಣ್ಣ ಹುಟ್ಟಿಕೊಂಡಿತ್ತೋ ಆ ತೊಂದರೆಯೇ ಅಲ್ಲಿ ಇಲ್ಲದಿದ್ದ ಮೇಲೆ ಸುಣ್ಣವನ್ನು ಕೇಳುವವರಾದರೂ ಯಾರು? ಜೊತೆಗೆ, ಹಡಗಿನಲ್ಲಿ ಮರಳಿದವರು ಸೈನಿಕರು, ವರ್ತಕರು, ಪಾದ್ರಿಗಳು. ಕಲ್ಲಿನ ಮುಂದೆ ಮಂಡಿಯೂರಿ ದಿನವೂ ಹಿಟ್ಟು ಅರೆಯುತ್ತಿದ್ದ ಹೆಂಗಸರು ಅವರೊಡನೆ ಬರಲಿಲ್ಲ.

ಉತ್ತರ (ಬರೆದವರು: ಹಳೆಯ ಕಡತ)

ಮೇಲಿನ ವಿವರಣೆಯಲ್ಲಿ ತಪ್ಪಿಲ್ಲ, ಆದರೆ ಅಷ್ಟಕ್ಕೇ ನಿಂತರೆ ರೋಗದ ಹೊಣೆಯನ್ನು ಅಡುಗೆಮನೆಯ ಮೇಲೆ ಹೊರಿಸಿದಂತಾಗುತ್ತದೆ ಎಂಬುದು ನನ್ನ ಆಕ್ಷೇಪ. ಪೊಲೆಂಟಾದ ಜೊತೆಗೆ ಹಾಲು, ಗಿಣ್ಣು, ಮಾಂಸ, ಬೇಳೆಗಳನ್ನು ತಿನ್ನುತ್ತಿದ್ದ ಭೂಮಾಲೀಕರಿಗೆ ಸುಣ್ಣವಿಲ್ಲದೆಯೂ ಪೆಲಾಗ್ರ ಬರಲಿಲ್ಲ. ಅದು ಬಂದದ್ದು ಗೋಧಿಯನ್ನು ಗೇಣಿಗೆ ಅಳೆದುಕೊಟ್ಟು ಮೂರು ಹೊತ್ತೂ ಅದೊಂದನ್ನೇ ಉಣ್ಣಬೇಕಾಗಿದ್ದವರಿಗೆ.

ಈ ಮಾತನ್ನು ಪ್ರಯೋಗದಿಂದ ತೋರಿಸಿದವರು ಅಮೆರಿಕದ ವೈದ್ಯ ಜೋಸೆಫ್ ಗೋಲ್ಡ್‌ಬರ್ಗರ್. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಪೆಲಾಗ್ರ ಹಬ್ಬಿತ್ತು. 1906ರಿಂದ 1940ರವರೆಗೆ ಸುಮಾರು 30 ಲಕ್ಷ ಜನ ಅದಕ್ಕೆ ಸಿಲುಕಿ, ಸುಮಾರು 1 ಲಕ್ಷ ಜನ ಸತ್ತರೆಂದು ಅಂದಾಜಿಸಲಾಗಿದೆ. ಅದು ಅಂಟುರೋಗ ಎಂದೇ ಹೆಚ್ಚಿನ ವೈದ್ಯರು ನಂಬಿದ್ದರು. 1914ರಲ್ಲಿ ಈ ಕೆಲಸವನ್ನು ವಹಿಸಿಕೊಂಡ ಗೋಲ್ಡ್‌ಬರ್ಗರ್, ಅನಾಥಾಲಯ ಮತ್ತು ಹುಚ್ಚಾಸ್ಪತ್ರೆಗಳಲ್ಲಿ ರೋಗ ನಿವಾಸಿಗಳಿಗೆ ಮಾತ್ರ ಬರುತ್ತಿದೆ, ಅವರೊಡನೆಯೇ ಇರುವ ನೌಕರರಿಗೆ ಬರುತ್ತಿಲ್ಲ ಎಂಬುದನ್ನು ಗಮನಿಸಿದರು. 1915ರಲ್ಲಿ ಮಿಸಿಸಿಪ್ಪಿಯ ಸೆರೆಮನೆಯ ಜಮೀನೊಂದರಲ್ಲಿ, ಬಿಡುಗಡೆಯ ಭರವಸೆಯ ಮೇಲೆ ಒಪ್ಪಿದ ಕೈದಿಗಳಿಗೆ ಮೆಕ್ಕೆಜೋಳ, ಅಕ್ಕಿ, ಸಿಹಿಗೆಣಸುಗಳಂಥ ಊಟವನ್ನಷ್ಟೇ ಕೊಟ್ಟರು. ಕೊನೆಯವರೆಗೆ ಉಳಿದ 11 ಜನರಲ್ಲಿ 6 ಜನರಿಗೆ ರೋಗ ಕಾಣಿಸಿಕೊಂಡಿತು. ಇಷ್ಟಾದರೂ ನಂಬದವರಿಗಾಗಿ 1916ರಲ್ಲಿ ಅವರು ರೋಗಿಗಳ ರಕ್ತವನ್ನು ತಮಗೂ ಸಂಗಡಿಗರಿಗೂ ಚುಚ್ಚಿಸಿಕೊಂಡರು, ಚರ್ಮದ ಹೊಪ್ಪಳೆ ಮತ್ತು ಮಲವನ್ನು ಹಿಟ್ಟಿನ ಗುಳಿಗೆಯಲ್ಲಿ ಸೇರಿಸಿ ನುಂಗಿದರು. ಅವರ ಹೆಂಡತಿ ಮೇರಿಯವರೂ ರಕ್ತ ಚುಚ್ಚಿಸಿಕೊಂಡರು. ಯಾರಿಗೂ ರೋಗ ತಗುಲಲಿಲ್ಲ.

ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದದ್ದು, ಅರ್ಥಶಾಸ್ತ್ರಜ್ಞ ಎಡ್ಗರ್ ಸಿಡೆನ್‌ಸ್ಟ್ರಿಕರ್ ಅವರೊಡನೆ ಸೌತ್ ಕ್ಯಾರೊಲಿನದ ಹತ್ತಿ ಗಿರಣಿ ಊರುಗಳಲ್ಲಿ ಮನೆಮನೆಗೂ ಹೋಗಿ ಮಾಡಿದ ಲೆಕ್ಕಾಚಾರ. ಮನೆಯ ವರಮಾನ ಇಳಿದಂತೆಲ್ಲ ಪೆಲಾಗ್ರ ಏರುತ್ತಿತ್ತು. ಕೊರತೆಯಾಗಿದ್ದ ವಸ್ತು ನಯಾಸಿನ್ ಎಂಬುದು ಅಮೆರಿಕದ ಜೀವರಸಾಯನ ವಿಜ್ಞಾನಿ ಕಾನ್ರಾಡ್ ಎಲ್ವೆಹೆಮ್ ಅವರಿಂದ ಗೊತ್ತಾದದ್ದು 1937ರಲ್ಲಿ; ಅಷ್ಟರಲ್ಲಿ ಗೋಲ್ಡ್‌ಬರ್ಗರ್ ತೀರಿಕೊಂಡು ಎಂಟು ವರ್ಷಗಳಾಗಿದ್ದವು.

ಉತ್ತರ (ಬರೆದವರು: ಗೆಣಸುಗಡ್ಡೆ)

ಬೇರೆ ಆಹಾರಗಳ ಬಗ್ಗೆ ಕೇಳಿದ್ದೀರಿ. ಮರಗೆಣಸನ್ನು ನೋಡಿ, ಅಲ್ಲಿ ಕ್ರಮ ತಪ್ಪಿದರೆ ಪರಿಣಾಮಕ್ಕಾಗಿ ವರ್ಷಗಟ್ಟಲೆ ಕಾಯಬೇಕಿಲ್ಲ, ಏಕೆಂದರೆ ಕಹಿ ಮರಗೆಣಸಿನಿಂದ ಸಯನೈಡ್ ಹೊರಡುತ್ತದೆ. ಅಮೆಜಾನ್ ಪ್ರದೇಶದ ಮೂಲನಿವಾಸಿಗಳು ಗೆಡ್ಡೆಯನ್ನು ತುರಿದು, ಟಿಪಿಟಿ ಎಂಬ ಉದ್ದನೆಯ ಹೆಣೆದ ಚೀಲದಲ್ಲಿ ತುಂಬಿ, ಅದನ್ನು ತೂಗುಹಾಕಿ ಕೆಳತುದಿಯನ್ನು ಜಗ್ಗುತ್ತಾರೆ. ಜಗ್ಗಿದಷ್ಟೂ ಚೀಲ ಸಣಕಲಾಗಿ ವಿಷದ ರಸವನ್ನು ಹಿಂಡುತ್ತದೆ. ಉಳಿದ ತುರಿಯನ್ನು ಹುರಿದು ಹಿಟ್ಟು ಮಾಡುತ್ತಾರೆ. ಹಿಂಡಿದ ರಸವನ್ನು ಕೂಡ ಎಸೆಯದೆ, ಬಹಳ ಹೊತ್ತು ಕುದಿಸಿ ಟುಕುಪಿ ಎಂಬ ಸಾರಾಗಿಸಿಕೊಳ್ಳುತ್ತಾರೆ.

ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಈ ಗೆಡ್ಡೆಯನ್ನು ಆಫ್ರಿಕಕ್ಕೆ ಒಯ್ದರು. ಟಿಪಿಟಿ ಅಲ್ಲಿ ನೆಲೆಯೂರಲಿಲ್ಲ, ಆದರೂ ಜನ ಕೈಕಟ್ಟಿ ಕೂರಲಿಲ್ಲ. ಗೆಡ್ಡೆಯನ್ನು ನೀರಿನಲ್ಲಿ ಕೆಲವು ದಿನ ನೆನೆಸಿ ಹುಳಿ ಬರಿಸಿ ವಿಷ ಕಳೆಯುವ ಕ್ರಮಗಳು ಮಧ್ಯ ಆಫ್ರಿಕದಲ್ಲಿ ಬೆಳೆದವು. ಪಶ್ಚಿಮ ಕರಾವಳಿಯಲ್ಲಿ ತುರಿದು, ಹುಳಿಸಿ, ಹಿಂಡಿ, ಹುರಿಯುವ ಗಾರಿ ಹರಡುವುದರಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಪಡೆದು ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರೆಜಿಲ್‌ನಿಂದ ಮರಳಿದವರ ಪಾತ್ರ ದೊಡ್ಡದು. ಬೀಸುಕಲ್ಲು ಅವರು ಹೇಳಿದ ಮಾತಿಗೆ ಇದು ಒಳ್ಳೆಯ ಸಾಕ್ಷಿ: ಗೆಡ್ಡೆ ವರ್ತಕರೊಡನೆ ಬಂತು, ಹಿಟ್ಟು ಮಾಡುವ ಕೈ ಬಂದದ್ದು ಅದನ್ನು ದಿನವೂ ತಿಂದವರೊಡನೆ.

ಹಳೆಯ ಕಡತ ಅವರ ಆಕ್ಷೇಪಕ್ಕೂ ಇಲ್ಲಿ ಬಲವಿದೆ. ಕಾಲುಗಳು ಸೆಟೆದು ಶಾಶ್ವತವಾಗಿ ಊನವಾಗುವ ಕೊಂಜೊ ಎಂಬ ರೋಗವನ್ನು ಬೆಲ್ಜಿಯನ್ ಕಾಂಗೊದಲ್ಲಿ 1938ರಲ್ಲಿ ದಾಖಲಿಸಲಾಯಿತು. ಕಟ್ಟಿಹಾಕಿದ ಕಾಲು ಎಂಬುದು ಯಾಕಾ ಭಾಷೆಯಲ್ಲಿ ಆ ಪದದ ಅರ್ಥ. 1981ರ ಬರಗಾಲದಲ್ಲಿ ಮೊಜಾಂಬಿಕ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ ಅದು ಬಂತು. ಅಲ್ಲಿನವರಿಗೆ ಗೆಡ್ಡೆಯ ವಿಷವನ್ನು ಕಳೆಯುವ ಕ್ರಮ ಚೆನ್ನಾಗಿಯೇ ಗೊತ್ತಿತ್ತು. ಹಸಿವಿನಲ್ಲಿ ಅಷ್ಟು ದಿನ ಕಾಯಲಾಗಲಿಲ್ಲ, ವಿಷವನ್ನು ನಿಭಾಯಿಸಲು ದೇಹಕ್ಕೆ ಬೇಕಾದ ಪ್ರೋಟೀನೂ ಊಟದಲ್ಲಿ ಇರಲಿಲ್ಲ.

ಮರುಪ್ರಶ್ನೆ (ಬರೆದವರು: ಕುತೂಹಲಿ)

ಮೂವರಿಗೂ ಧನ್ಯವಾದಗಳು. ಒಂದು ಸಂಶಯ ಉಳಿಯಿತು. ಉತ್ತರ ಅಮೆರಿಕದ ಮೂಲನಿವಾಸಿಗಳು ಮರದ ಬೂದಿಯ ನೀರಿನಲ್ಲಿ ಕಾಳನ್ನು ಬೇಯಿಸಿ ಹೊಮಿನಿ ಮಾಡುತ್ತಿದ್ದರು, ದಕ್ಷಿಣ ರಾಜ್ಯಗಳ ವಲಸಿಗರು ಅದನ್ನು ಕಲಿತೂ ಇದ್ದರು. ಹಾಗಿದ್ದ ಮೇಲೆ ಕ್ರಮ ಗೊತ್ತಿದ್ದ ನೆಲದಲ್ಲಿಯೇ ರೋಗ ಅಷ್ಟು ಹಬ್ಬಿದ್ದು ಹೇಗೆ?

ಉತ್ತರ (ಬರೆದವರು: ಬೀಸುಕಲ್ಲು)

ಹೊಮಿನಿ ಗೊತ್ತಿದ್ದರೂ ಅದು ದಿನದ ಊಟವಾಗಿರಲಿಲ್ಲ. ದಿನವೂ ಬೇಯುತ್ತಿದ್ದದ್ದು ಒಣ ಹಿಟ್ಟಿನ ಬ್ರೆಡ್ಡು ಮತ್ತು ಗಂಜಿ, ಅದರ ಜೊತೆಗೆ ಕಾಕಂಬಿ ಮತ್ತು ಹಂದಿಯ ಕೊಬ್ಬು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಂದ ಹೊಸ ಯಂತ್ರಗಳು, ಹಿಟ್ಟು ಮುಗ್ಗದಂತೆ ದೂರದವರೆಗೆ ಸಾಗಿಸಲೆಂದು, ಕಾಳಿನ ಮೊಳಕೆಯ ಭಾಗವನ್ನೇ ತೆಗೆದುಹಾಕತೊಡಗಿದವು. ಇದ್ದ ಅಲ್ಪ ಪೋಷಣೆಯೂ ಅದರೊಂದಿಗೆ ಹೋಯಿತು. ಹೊಲವೆಲ್ಲ ಹತ್ತಿಗೆ ಮೀಸಲಾಗಿದ್ದರಿಂದ ಗೇಣಿದಾರರಿಗೆ ತರಕಾರಿಯ ಮಡಿಗೂ ಹಸುವಿಗೂ ಜಾಗವಿರಲಿಲ್ಲ. ಸಾಲದ ಅಂಗಡಿಯ ಹಿಟ್ಟನ್ನೇ ತರಬೇಕಿತ್ತು. ಆದ್ದರಿಂದ ಹಳೆಯ ಕಡತ ಅವರ ಆಕ್ಷೇಪವನ್ನು ಒಪ್ಪುತ್ತೇನೆ, ಆದರೆ ಗಿರಣಿಯನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಅಕ್ಕಿಯ ಕಥೆಯೂ ಇದೇ ಅಲ್ಲವೇ? ಬಟಾವಿಯದಲ್ಲಿ (ಇಂದಿನ ಜಕಾರ್ತ) ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅವರ ಕೋಳಿಗಳು 1890ರ ದಶಕದಲ್ಲಿ ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದು ನರಗಳನ್ನು ಕುಗ್ಗಿಸುವ ಬೆರಿಬೆರಿಯಂಥ ರೋಗದಿಂದ ಕುಸಿದು, ತೌಡು ಕೊಟ್ಟೊಡನೆ ಎದ್ದು ನಿಂತವು. ಅಲ್ಲಿ ಅಕ್ಕಿ ಯಾವ ಕಡಲನ್ನೂ ದಾಟಿರಲಿಲ್ಲ.