‘ಓವರ್‌ಡೋಸ್’ಗೆ ‘ಅತಿಸೇವನೆ’ ಸಾಕೇ?

ಪ್ರಶ್ನೆ: ಹುಬ್ಬಳ್ಳಿಯ ವಾರ್ಡುಗಳಲ್ಲಿ ಆಶಾ ಕಾರ್ಯಕರ್ತೆಯರು ಹಂಚಲಿರುವ ಕರಪತ್ರದ ಕರಡಿನಲ್ಲಿ ‘ಓಪಿಯಾಯ್ಡ್ ಓವರ್‌ಡೋಸ್’ಗೆ (ಓಪಿಯಾಯ್ಡ್ ಎಂದರೆ ಅಫೀಮು, ಮಾರ್ಫಿನ್ ಜಾತಿಯ ಔಷಧ) ‘ಮಾದಕವಸ್ತುವಿನ ಅತಿಸೇವನೆ’, ‘ವಿತ್‌ಡ್ರಾವಲ್’ಗೆ ‘ಹಿಂತೆಗೆತ’, ಓಪಿಯಾಯ್ಡಿನ ಪರಿಣಾಮ ಇಳಿಸುವ ಸೂಜಿಮದ್ದು ‘ನಾಲಾಕ್ಸೋನ್’ಗೆ ‘ಪ್ರತಿವಿಷ’ ಎಂದಿದೆ. ನಡೆದೀತೇ?

ಉತ್ತರ: ‘ಅತಿಸೇವನೆ’ಯನ್ನು ಮೊದಲು ತೆಗೆಯಿರಿ. ಆ ಮಾತು ಕೇಳಿದವರು ಎಷ್ಟು ಗುಳಿಗಿ ನುಂಗಿದ ಎಂದು ಲೆಕ್ಕ ಹಾಕುತ್ತಾರೆ. ಆದರೆ ಜೀವ ಹೋಗುವುದು ಎಷ್ಟೋ ಸಲ ಹಳೇ ಪ್ರಮಾಣದಲ್ಲೇ. ಜೈಲಿನಿಂದಲೋ ವ್ಯಸನಮುಕ್ತಿ ಕೇಂದ್ರದಿಂದಲೋ ಕೆಲವು ವಾರ ನಶೆ ಬಿಟ್ಟಿದ್ದು ಹೊರಬಂದವನಿಗೆ ಮೊದಲಿನ ತಾಳಿಕೆ ಉಳಿದಿರುವುದಿಲ್ಲ. ಜತೆಗೆ ಸಾರಾಯಿಯೋ ನಿದ್ದೆಗುಳಿಗೆಯೋ ಸೇರಿದರೆ ಇನ್ನೂ ಕಡಿಮೆಗೇ ಉಸಿರು ಕುಗ್ಗುತ್ತದೆ. ಆದ್ದರಿಂದ ತಲೆಬರಹ ‘ನಶಾದಾಗ ಉಸಿರು ಕಡಿಮಿ ಆದ್ರ’ ಎಂದಿರಲಿ. ಕೆಳಗೆ ಸಣ್ಣಕ್ಷರದಲ್ಲಿ ಓವರ್‌ಡೋಸ್ ಎಂದರಾಯಿತು, ಆ ಪದ ಎಲ್ಲರ ಬಾಯಲ್ಲೂ ಇದೆ.

‘ಗೊರಕಿ’ ಎಂಬ ಮಾತು ಕರಪತ್ರದಲ್ಲಿ ಬರಲೇಬೇಕು. ‘ಗೊರಕಿ ಹೊಡ್ಯಾಕತ್ತಾನ, ಮಲಗ್ಲಿ ಬಿಡ್ರಿ’ ಎಂದು ಮನೆಯವರು ಸುಮ್ಮನಾಗುವ ಹೊತ್ತಿಗೇ ಗಂಟಲಲ್ಲಿ ಗೊರಗೊರ ಎನ್ನುತ್ತ ಉಸಿರು ಸಿಕ್ಕಿಕೊಳ್ಳುತ್ತಿರುತ್ತದೆ. ಹೀಗೆ ಬರೆಯಬಹುದು: ಎಬ್ಬಿಸಿರಿ, ಎದೆಗೂಡಿನ ನಡುಎಲುಬನ್ನು ಬೆರಳಗೆಣ್ಣಿನಿಂದ ಗಟ್ಟಿಯಾಗಿ ತಿಕ್ಕಿರಿ. ಏಳದಿದ್ದರೆ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿದ್ದರೆ, ತುಟಿ-ಉಗುರು ನೀಲಿಗಟ್ಟಿದ್ದರೆ ಅಥವಾ ಬೂದಿಬಣ್ಣವಾಗಿದ್ದರೆ 108ಕ್ಕೆ ಕರೆ ಮಾಡಿರಿ. ಉಸಿರು ನಿಂತಂತಿದ್ದರೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, 5 ಸೆಕೆಂಡಿಗೊಮ್ಮೆ ಬಾಯಿಂದ ಉಸಿರು ಊದಿರಿ. ಉಸಿರಾಡುತ್ತಿದ್ದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿರಿ. ಕುಡಿದವರಿಗೆ ಕೊಟ್ಟಂತೆ ಮಜ್ಜಿಗೆ, ನಿಂಬಿಹುಳಿ ಬಾಯಿಗೆ ಹಾಕಬೇಡಿರಿ. ಎಚ್ಚರವಿಲ್ಲದವನಿಗೆ ಅದು ಶ್ವಾಸಕೋಶಕ್ಕೇ ಇಳಿಯುತ್ತದೆ.

‘ಪ್ರತಿವಿಷ’ ತಪ್ಪಲ್ಲ, ಆದರೆ ಒಂದು ಸೂಜಿಗೆ ಕೆಲಸ ಮುಗಿಯಿತು ಎಂಬ ಭಾವನೆ ಹುಟ್ಟಿಸುತ್ತದೆ. ನಾಲಾಕ್ಸೋನ್ 0.4 ಮಿ.ಗ್ರಾಂ. ಸ್ನಾಯುವಿಗೆ ಕೊಟ್ಟು 2-3 ನಿಮಿಷ ನೋಡಿ, ಉಸಿರು ಸುಧಾರಿಸದಿದ್ದರೆ ಮತ್ತೆ ಕೊಡುತ್ತಾರೆ. ಅದರ ಪ್ರಭಾವ 30ರಿಂದ 90 ನಿಮಿಷ. ನುಂಗಿದ್ದು ಅದಕ್ಕಿಂತ ಹೆಚ್ಚು ಹೊತ್ತು ಮೈಯಲ್ಲಿ ಉಳಿದರೆ ಎದ್ದು ಕುಳಿತವನೂ ಮತ್ತೆ ಮಂಕಾಗುತ್ತಾನೆ. ‘ಉಸಿರು ಮರಳಿಸುವ ಸೂಜಿ, ಕೊಟ್ಟ ಮೇಲೂ ಆಸ್ಪತ್ರೆಗೆ’ ಎಂದು ಒಂದೇ ಸಾಲಿನಲ್ಲಿ ಹಾಕಿ.

‘ಹಿಂತೆಗೆತ’ ನಿಘಂಟಿನಲ್ಲೇ ಇರಲಿ. ‘ಬಿಟ್ಟಾಗಿನ ಬಾಧೆ’ ಸಾಕು. ಅದರ ವಿವರಣೆಗೆ ಕೈನಡುಕವನ್ನು ಮುಂದಿಡಬೇಡಿ, ಜನ ಅದನ್ನು ಕುಡಿತದ್ದೆಂದೇ ತಿಳಿಯುತ್ತಾರೆ. ಇಲ್ಲಿ ಕಾಣುವುದು ಮೂಗು-ಕಣ್ಣು ಸುರಿಯುವುದು, ಆಕಳಿಕೆ, ಮೈನವಿರೇಳುವುದು, ಮೈಕೈ ನೋವು, ಭೇದಿ.

ಇನ್ನೊಬ್ಬರ ಸೇರ್ಪಡೆ: ‘ಮಾದಕವಸ್ತು’ವಿನ ಬದಲು ‘ಅಫೀಮು ಜಾತಿಯ ಔಷಧ’ ಎಂದರೆ ಟ್ರಮಡಾಲ್, ಟಪೆಂಟಡಾಲ್, ಕೊಡೀನ್ ಸಿರಪ್ಪು ಎಲ್ಲವೂ ಒಳಗೆ ಬರುತ್ತವೆ. ಬರೀ ‘ನೋವಿನ ಗುಳಿಗಿ’ ಎಂದರೆ ಪ್ಯಾರಾಸಿಟಮಾಲ್ ಕೂಡ ಸೇರಿಬಿಡುತ್ತದೆ, ಅದಕ್ಕೆ ನಾಲಾಕ್ಸೋನ್ ಸೂಜಿ ಕೆಲಸ ಮಾಡುವುದಿಲ್ಲ. ನವನಗರದ ಕಡೆ ಕ್ಯಾನ್ಸರ್ ಚಿಕಿತ್ಸೆಗೆ ಬರುವವರಿಗೂ ಈ ಕರಪತ್ರ ಸಿಗುತ್ತದೆ. ವೈದ್ಯರು ಬರೆದ ಮಾರ್ಫಿನ್ನನ್ನು ಹೆದರಿ ನಿಲ್ಲಿಸಬಾರದು ಎಂದೂ ಒಂದು ಸಾಲು ಬೇಕು. ಕರಡಿನ ಕೊನೆಯಲ್ಲಿ 108, 14416 ಎರಡನ್ನೂ ‘ಸಹಾಯವಾಣಿ’ ಎಂದು ಒಟ್ಟಿಗೆ ಹಾಕಿದ್ದೀರಿ. ಬಿಡಿಸಿ: ಮೊದಲನೆಯದು ಆ್ಯಂಬುಲೆನ್ಸ್, ಎರಡನೆಯದು ಸರ್ಕಾರದ ಮಾನಸಿಕ ಆರೋಗ್ಯ ಸೇವೆಯಾದ ಟೆಲಿ ಮಾನಸದ ಆಪ್ತಸಮಾಲೋಚನೆ.